ಡೇರೆಗಳ ನಡುವೆ ಒಂದು ಹೆಸರು

ಮಗ್ಗಗಳ ಸದ್ದಿಗೆ ಹೆಸರಾದ ದೊಡ್ಡಬಳ್ಳಾಪುರದಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಶಿಬಿರಸ್ಥಾನವೊಂದುಂಟು. ಅದರ ಹೆಸರು ಡಾ. ಆನಿ ಬೆಸೆಂಟ್ ಪಾರ್ಕ್. ಕೊರಳಿಗೆ ಸ್ಕಾರ್ಫು ಕಟ್ಟಿ, ಹಾಸಿಗೆ ಹೊತ್ತು ಬರುವ ಮಕ್ಕಳು ಲಕ್ಷ್ಮಣತೀರ್ಥದ ದಂಡೆಯ ಹನಗೋಡಿನಂಥ ಊರಿನವರಿರಲಿ, ಬೆಂಗಳೂರಿನವರೇ ಇರಲಿ, ಅವರಿಗೆ ಅದು ಬರಿಯ ವಿಳಾಸ. ಡೇರೆ ಹೂಡಬೇಕು, ಹಗ್ಗದ ಗಂಟುಗಳನ್ನು ಕಲಿಯಬೇಕು, ಅನ್ನ ಸೀದುಹೋಗದಂತೆ ಕಾಯಬೇಕು. ಇಷ್ಟರ ನಡುವೆ ಹೆಸರಿನ ಗೊಡವೆ ಯಾರಿಗೆ?

ಆ ಹೆಸರಿನ ಹಿಂದೆ ಒಂದು ಅವಮಾನದ ಕಥೆಯಿದೆ. ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಮೊದಲ ಶಿಬಿರ ಹೂಡಿದ್ದು 1907ರಲ್ಲಿ. ಎರಡೇ ವರ್ಷಗಳಲ್ಲಿ, 1909ರಲ್ಲಿ, ಭಾರತದ ಮೊದಲ ಬಾಲಚರ ದಳ ಕ್ಯಾಪ್ಟನ್ ಬೇಕರ್ ಅವರಿಂದ ಬೆಂಗಳೂರಿನಲ್ಲಿಯೇ ಹುಟ್ಟಿತು. ಆದರೆ ಅದು ಬಿಳಿಯರ ಮತ್ತು ಆಂಗ್ಲೋ-ಇಂಡಿಯನ್ನರ ಮಕ್ಕಳಿಗೆ ಮಾತ್ರ. ಸ್ಕೌಟನಿಗೆ ಸ್ಕೌಟನು ಸೋದರನೆಂಬುದು ಆ ಚಳವಳಿಯ ನಿಯಮ. ಸ್ಕೌಟನಾಗಲು ಬಿಟ್ಟರೆ ತಾನೆ ಸೋದರತ್ವದ ಮಾತು! ಈ ನೆಲದ ಹುಡುಗ ಬೇಲಿಯಾಚೆ ನಿಂತು ಕವಾಯತು ನೋಡಬಹುದಾಗಿತ್ತು, ಅಷ್ಟೆ.

ಆ ಬೇಲಿಗೆ ಕೈಹಾಕಿದವರಲ್ಲಿ ಎಪ್ಪತ್ತರ ಹೊಸ್ತಿಲಲ್ಲಿದ್ದ ಬೆಸೆಂಟರೂ ಒಬ್ಬರು. 1917ರಲ್ಲಿ, ಅರಂಡೇಲರ ಜೊತೆಗೂಡಿ, ಮದರಾಸಿನಲ್ಲಿ ಭಾರತೀಯ ಮಕ್ಕಳಿಗೆಂದೇ ಬಾಲಚರ ಸಂಘ ಕಟ್ಟಿದರು. ಹ್ಯಾಟಿನ ಬದಲು ರುಮಾಲು, ಬಾಯಲ್ಲಿ ಭಾರತದ ಹಾಡು. ಹೋಂ ರೂಲ್ ಚಳವಳಿಗಾಗಿ ಸರ್ಕಾರ ಆಕೆಯನ್ನು ಉದಕಮಂಡಲದಲ್ಲಿ ನಿರ್ಬಂಧದಲ್ಲಿರಿಸಿದ್ದೂ ಅದೇ ವರ್ಷ. ಕಾಂಗ್ರೆಸ್ಸಿನ ಅಧ್ಯಕ್ಷಪೀಠವೇರಿದ್ದೂ ಅದೇ ವರ್ಷ. ಇಷ್ಟು ಗದ್ದಲದಲ್ಲಿ ಮಕ್ಕಳ ಆಟಕ್ಕೆ ಬಿಡುವು ಮಾಡಿಕೊಂಡದ್ದು ಸಣ್ಣ ಮಾತಲ್ಲ. ಅದನ್ನು ಆಕೆ ಆಟವೆಂದು ಬಗೆದಿರಲೂ ಇಲ್ಲ.

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಆಕೆಯ ದಳಗಳು ಮೂಲ ಸಂಸ್ಥೆಯೊಡನೆ ಕೂಡಿಕೊಂಡವು. ಆಕೆ ಗೌರವ ಕಮಿಷನರ್ ಆದರು. 1932ರಲ್ಲಿ ಸ್ಕೌಟ್ ಚಳವಳಿಯ ದೊಡ್ಡ ಗೌರವವಾದ 'ಬೆಳ್ಳಿ ತೋಳ' ಪದಕವೂ ಬಂದಿತು. ಮರುವರ್ಷ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ಆಕೆ ಕಣ್ಣುಮುಚ್ಚಿದರು. ಆಮೇಲೆಯೂ ಜಗಳ, ಒಡಕು ತಪ್ಪಲಿಲ್ಲ. ಬೇರೆ ಬೇರೆಯಾಗಿದ್ದ ಸಂಘಗಳು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂದು ಒಂದಾದದ್ದು 1950ರ ನವೆಂಬರ್ 7ರಂದು. ಬಾಲಕಿಯರ ಗೈಡ್ಸ್ ಸಂಸ್ಥೆ ಸೇರಿದ್ದು ಮರುವರ್ಷದ ಆಗಸ್ಟ್ 15ರಂದು.

ದೊಡ್ಡಬಳ್ಳಾಪುರದ ಬಯಲಲ್ಲಿ ಧ್ವಜದ ಮುಂದೆ ನಿಂತ ಮಕ್ಕಳಲ್ಲಿ ಯಾರನ್ನೂ ನೀನು ಯಾರ ಮಗನೆಂದು ಕೇಳುವವರಿಲ್ಲ. ಪಕ್ಕದವನಿಗೆ ಆ ಹೆಸರಿನ ಅರ್ಥ ಹೇಳಲು ಒಬ್ಬ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಸೀಟಿ ಊದುತ್ತದೆ. ಎಲ್ಲರೂ ಸಾವಧಾನ ನಿಲ್ಲುತ್ತಾರೆ.