ಕರಡಿನ ಕಾಟ

ಒಂದು ಕಾಲಕ್ಕೆ ಕಾಗದ ಬರೆಯುವುದು ಎಷ್ಟು ನಿರಪಾಯವಾದ ಕೆಲಸವಾಗಿತ್ತು! ಬರೆದದ್ದು ಮನಸ್ಸಿಗೆ ಬಾರದಿದ್ದರೆ ಹರಿದು ಬಚ್ಚಲೊಲೆಗೆ ಹಾಕಿದರಾಯಿತು. ನೀರೂ ಕಾಯುತ್ತಿತ್ತು, ಕೋಪವೂ ಆರುತ್ತಿತ್ತು. ಈಗ ನಮ್ಮ ಮನೆಯಲ್ಲಿ ಬಚ್ಚಲೊಲೆಯೂ ಇಲ್ಲ, ಕಾಗದವೂ ಇಲ್ಲ. ಇರುವುದು ಕಂಪ್ಯೂಟರು. ಹರಿದು ಹಾಕುವುದೆಂದರೆ ಏನೆಂಬುದೇ ಅದಕ್ಕೆ ತಿಳಿಯದೆಂದು ಕಳೆದ ತಿಂಗಳು ನನ್ನ ಅನುಭವಕ್ಕೆ ಬಂತು.

ಸಂಗತಿ ಇಷ್ಟು. ಊರಿನಲ್ಲಿರುವ ನಮ್ಮಣ್ಣ ಹಳೆಯ ಮನೆಯನ್ನು ತನ್ನ ಮಗನ ಹೆಸರಿಗೆ ಮಾಡಿಸುವ ಏರ್ಪಾಡಿನಲ್ಲಿದ್ದಾನೆಂದು ಯಾರ ಬಾಯಿಂದಲೋ ಸುದ್ದಿ ಬಂತು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ನೋವಾಯಿತು. ನೋವು ಎಂದು ಬರೆಯುತ್ತಿದ್ದೇನೆ. ನಿಜಕ್ಕೂ ಅದು ಸಿಟ್ಟೇ. ಫೋನು ಮಾಡಿದರೆ ಮಾತಿಗೆ ಮಾತು ಬೆಳೆಯುತ್ತದೆ. ಆದ್ದರಿಂದ ಅಣ್ಣನ ಮಗನ ವಿಳಾಸಕ್ಕೆ ಇ-ಮೇಲ್ ಬರೆಯಲು ಕುಳಿತೆ. ಅಣ್ಣನಿಗೆ ಕಣ್ಣು ಮಂಜು. ಹುಡುಗ ಓದಿ ಹೇಳುತ್ತಾನೆ. ರಾತ್ರಿ 9 ಗಂಟೆಗೆ ಆರಂಭಿಸಿದವನು, ನಡುವೆ ಎದ್ದು ಒಂದು ಲೋಟ ಕಾಫಿ ಕುಡಿದು ಬಂದು, ಮುಗಿಸುವಾಗ ಹನ್ನೊಂದೂವರೆ. ಬೆಳಿಗ್ಗೆ ಇನ್ನೊಮ್ಮೆ ನೋಡಿ ಕಳಿಸೋಣವೆಂದು ಮಲಗಿದೆ.

ಬೆಳಿಗ್ಗೆ ನೋಡುತ್ತೇನೆ, ಕರಡುಗಳನ್ನಿಡುವ ಜಾಗದಲ್ಲಿ ಒಂದಲ್ಲ, ಎರಡಲ್ಲ, 27 ಕಾಗದಗಳು! ಎಲ್ಲದರ ತಲೆಯ ಮೇಲೂ ‘ಮನೆಯ ವಿಚಾರ’ ಎಂಬ ಒಂದೇ ನಾಮ. ಕೆಲವನ್ನು ಅಳಿಸಿದೆ, ಸ್ವಲ್ಪ ಹೊತ್ತಿಗೆ ರಕ್ತಬೀಜಾಸುರನ ಸಂತತಿಯಂತೆ ಅವು ಮತ್ತೆ ಎದ್ದು ಕುಳಿತವು.

ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದ ತರುಣ ಅಧ್ಯಾಪಕರೊಬ್ಬರ ಮೊರೆಹೊಕ್ಕೆ. ಅವರು ನಗುತ್ತ ಮರ್ಮವನ್ನು ಬಿಡಿಸಿ ಹೇಳಿದರು. ನಾವು ಬರೆಯುತ್ತಿರುವಾಗಲೇ ತಂತ್ರಾಂಶವು ಐದೈದು ನಿಮಿಷಕ್ಕೊಮ್ಮೆ ಒಂದು ಪ್ರತಿ ತೆಗೆದು ದೂರದ ಸರ್ವರಿನಲ್ಲಿ ಇಡುತ್ತದೆಯಂತೆ. ಅಲ್ಲಿ ನಡೆಯುವುದು ಐಮ್ಯಾಪ್ ಎಂಬ ಕಟ್ಟಳೆ. ಅಮೆರಿಕದ ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ರೂಪಿಸಿದ್ದು. ಆ ಕಟ್ಟಳೆಯಲ್ಲಿ, ಒಮ್ಮೆ ಇಟ್ಟ ಕಾಗದವನ್ನು ತಿದ್ದಲು ಬರುವುದಿಲ್ಲ. ಒಂದು ಅಲ್ಪವಿರಾಮ ಬದಲಾದರೂ ಹೊಸ ಪ್ರತಿಯನ್ನೇ ಇಡಬೇಕು. ಹಳೆಯದಕ್ಕೆ ‘ಅಳಿಸತಕ್ಕದ್ದು’ ಎಂದು ಗುರುತು ಹಾಕಿ, ಆಮೇಲೆ ಗುಡಿಸಬೇಕು. ನಡುವೆ ಸಂಪರ್ಕ ಕಡಿಯಿತೋ, ಹೊಸದು ಬಂದಿರುತ್ತದೆ, ಹಳೆಯದು ಹೋಗಿರುವುದಿಲ್ಲ. ನಮ್ಮ ಬಡಾವಣೆಯಲ್ಲಿ ಸಂಪರ್ಕ ಕಡಿಯುವುದಕ್ಕೆ ಮಳೆಯೇ ಬರಬೇಕೆಂದಿಲ್ಲ, ಮೋಡ ಕಂಡರೆ ಸಾಕು.

“ಎಲ್ಲ ಒಟ್ಟಿಗೆ ಆರಿಸಿ ಅಳಿಸಿಬಿಡಿ ಸಾರ್. ಆಮೇಲೆ ಫೋಲ್ಡರನ್ನು ಒಮ್ಮೆ ಕಾಂಪ್ಯಾಕ್ಟ್ ಮಾಡಿ, ಗುರುತು ಹಾಕಿದ್ದೆಲ್ಲ ಹೋಗುತ್ತದೆ. ಮುಂದಕ್ಕೆ ಕರಡುಗಳು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುವ ಹಾಗೆ ಸೆಟ್ಟಿಂಗ್ ಬದಲಾಯಿಸಿ,” ಎಂದರು.

ಉಪಾಯ ಸುಲಭವೇ. ಆದರೆ ಅಳಿಸುವ ಮೊದಲು ಓದಬೇಕೆನಿಸಿತು. ಎಂ.ಎ. ತರಗತಿಗೆ ಗ್ರಂಥಸಂಪಾದನೆಯ ಪಾಠ ಹೇಳುವವನು ನಾನು, ಡಿ. ಎಲ್. ನರಸಿಂಹಾಚಾರ್ ಅವರ ಗ್ರಂಥವನ್ನು ಮುಂದಿಟ್ಟುಕೊಂಡು, ಒಂದೇ ಕಾವ್ಯದ ಹಲವು ಓಲೆಪ್ರತಿಗಳಲ್ಲಿ ಮೂಲಪಾಠವನ್ನು ಹುಡುಕುವುದು ಹೇಗೆಂದು ವರ್ಷವರ್ಷವೂ ಕೊರೆಯುವವನು. ನನ್ನದೇ ಕೃತಿಗೆ 27 ಪ್ರತಿಗಳು ದೊರಕಿರುವಾಗ ಪಾಠಾಂತರ ನೋಡದೆ ಬಿಡುವುದುಂಟೇ?

ಮೊದಲ ಪ್ರತಿ ‘ಪ್ರೀತಿಯ ಅಣ್ಣನಿಗೆ’ ಎಂದು ತೊಡಗಿತ್ತು. ಆರನೆಯದಕ್ಕೆ ಬರುವಾಗ ಪ್ರೀತಿ ಉದುರಿಹೋಗಿ ‘ಅಣ್ಣನಿಗೆ’ ಎಂದಷ್ಟೇ ಉಳಿದಿತ್ತು. ಕೊನೆಯದರಲ್ಲಿ ಸಂಬೋಧನೆಯೇ ಇಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆಯೆಂದು, ಏನನ್ನೂ ಕೇಳದಿದ್ದ ತಂಗಿಯನ್ನೂ ವ್ಯಾಜ್ಯಕ್ಕೆ ಎಳೆದಿದ್ದೆ. ನಡುವಿನ ಹನ್ನೊಂದನೆಯ ಪ್ರತಿಯಲ್ಲಿ ಮಾತ್ರ, ಹಿಂದೆಯೂ ಇಲ್ಲದ ಮುಂದೆಯೂ ಇಲ್ಲದ ಒಂದು ವಾಕ್ಯವಿತ್ತು: ‘ಅಮ್ಮನ ಕೊನೆಯ ಎರಡು ವರ್ಷ ನೀನೂ ಅತ್ತಿಗೆಯೂ ಅವಳನ್ನು ಎತ್ತಿ ಇಳಿಸಿದಿರಿ; ನಾನು ದುಡ್ಡು ಕಳಿಸಿದೆ, ಅಷ್ಟೆ.’

ಅದನ್ನು ಬರೆದ ನೆನಪು ನನಗಿತ್ತು. ಅಳಿಸಿದ ನೆನಪೂ ಇತ್ತು. ವಾದಕ್ಕೆ ಅದು ಅಡ್ಡಬರುತ್ತಿತ್ತು.

ಸಂಪಾದಕರು ಹೇಳುವ ಸೂತ್ರವೊಂದುಂಟು: ಸುಲಭ ಪಾಠವೂ ಕ್ಲಿಷ್ಟ ಪಾಠವೂ ಎದುರಾದಾಗ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರವೆಂದು ಸಾಮಾನ್ಯವಾಗಿ ತಿಳಿಯಬೇಕು, ಏಕೆಂದರೆ ಲಿಪಿಕಾರ ಕಷ್ಟವಾದದ್ದನ್ನು ಸುಲಭಮಾಡಲು ಹೋಗುತ್ತಾನೆಯೇ ಹೊರತು ಸುಲಭವನ್ನು ಕಷ್ಟಮಾಡುವುದಿಲ್ಲ. ಇಷ್ಟು ವರ್ಷ ಹುಡುಗರಿಗೆ ಹೇಳಿದ ಪಾಠ ಅಂದು ನನಗೇ ತಿರುಗಿ ಬಂತು. 27 ಪ್ರತಿಗಳಲ್ಲಿ ನಾನು ಬರೆಯಲು ಕಷ್ಟಪಟ್ಟದ್ದು ಆ ಒಂದು ವಾಕ್ಯವನ್ನೇ.

ಹೊಸದಾಗಿ ಒಂದು ಕಾಗದ ಬರೆದೆ. ಆ ವಾಕ್ಯ, ಕ್ಷೇಮಸಮಾಚಾರ, ‘ಮನೆಯ ವಿಷಯ ನನಗೂ ಒಂದು ಮಾತು ಹೇಳಿದ್ದರೆ ಸಂತೋಷಪಡುತ್ತಿದ್ದೆ’ ಎಂಬ ಒಂದು ಸಾಲು, ಅಷ್ಟೆ. ಐದು ನಿಮಿಷ ತುಂಬುವ ಮೊದಲೇ ಕಳಿಸಿದ್ದರಿಂದ ಅದಕ್ಕೆ ಪಾಠಾಂತರವಿಲ್ಲ. ಆಮೇಲೆ 27ನ್ನೂ ಅಳಿಸಿ, ಗುಡಿಸಿ, ಸೆಟ್ಟಿಂಗ್ ಬದಲಾಯಿಸಿದೆ.

ಸಂಜೆ ಅಣ್ಣನ ಫೋನು ಬಂತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಲಸು ಹಣ್ಣಾಗಿದೆ ಕಣೋ, ರಜೆ ನೋಡಿಕೊಂಡು ಬಾ. ಪತ್ರಗಳೆಲ್ಲ ಇಲ್ಲೇ ಇವೆ, ನೋಡುವೆಯಂತೆ,” ಎಂದ.

ಹೋಗಬೇಕು. ಮನೆಯ ವಿಚಾರವಿನ್ನೂ ಇತ್ಯರ್ಥವಾಗಿಲ್ಲ. ಅಲ್ಲಿ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದೇನೆ. ಆಗಲೇ ನಾಲ್ಕು ಕರಡುಗಳಾಗಿವೆ.