ಎಡಕ್ಕೇ ಇರು ಅಂದವನು ನಾನು

ಸೈಕಲ್ ಕಲಿಸುವವರೆಲ್ಲ ಹೇಳುವ ಮಾತನ್ನೇ ನಾನೂ ತಂಗಿಯ ಮಗನಿಗೆ ಹೇಳಿದ್ದೆ: ಏನೇ ಆಗಲಿ, ರಸ್ತೆಯ ಎಡ ಅಂಚು ಬಿಡಬೇಡ. ಕಾಲೇಜು ಓದಲು ಬೆಂಗಳೂರಿಗೆ ಬಂದು ಅವನು ನಮ್ಮ ಮನೆಯಲ್ಲಿದ್ದ. ಬಹಳ ವರ್ಷಗಳಿಂದ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದ ನನಗೆ ಈ ಊರಿನ ರಸ್ತೆಗಳು ಚೆನ್ನಾಗಿ ಗೊತ್ತು ಎಂಬ ನಂಬಿಕೆ ಇತ್ತು. ಸಿಗ್ನಲ್‌ನಲ್ಲಿ ಬಸ್ಸು, ಲಾರಿಯ ಹಿಂದೆ ಹೊಗೆ ಕುಡಿಯುತ್ತ ನಿಲ್ಲಬೇಡ, ಎಡಗಡೆ ಸಂದಿಯಲ್ಲಿ ನುಸುಳಿ ಮುಂದಕ್ಕೆ ಹೋಗಿಬಿಡು ಎಂದು ಹೇಳಿದ್ದಷ್ಟೇ ಅಲ್ಲ, ಅವನ ಮುಂದೆ ಸೈಕಲ್ ಓಡಿಸಿ ತೋರಿಸಿಯೂ ಇದ್ದೆ.

ಹೊರವರ್ತುಲ ರಸ್ತೆಗೆ ಸೇರುವ ಒಂದು ಜಂಕ್ಷನ್ನಿನಲ್ಲಿ ಅವನು ಹಾಗೆಯೇ ನುಸುಳಿದ. ಪಕ್ಕದಲ್ಲಿದ್ದ ನೀರಿನ ಟ್ಯಾಂಕರ್ ಎಡಕ್ಕೆ ತಿರುಗಿತು. ಸೈಕಲ್ ಹಿಂದಿನ ಗಾಲಿಯಡಿ ಹೋಯಿತು. ಅವನು ಚರಂಡಿಯ ಚಪ್ಪಡಿ ಕಡೆ ಬಿದ್ದದ್ದರಿಂದ ಜೀವ ಉಳಿಯಿತು, ಬಲಗಾಲು ಮುರಿಯಿತು. ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ ಮೊದಲ ಮಾತು: "ಮಾವ, ನಾನು ಎಡಕ್ಕೇ ಇದ್ದೆ." ಊರಿಂದ ಬಂದ ತಂಗಿ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಠಾಣೆಯಲ್ಲಿ ಟ್ಯಾಂಕರಿನ ಡ್ರೈವರ್ "ಸರ್ರ, ಹುಡುಗ ನನಗ ಕಾಣ್ಲೇ ಇಲ್ರಿ" ಎಂದಾಗ ಸುಳ್ಳು ಹೇಳುತ್ತೀಯಾ ಎಂದು ಕೂಗಾಡಿದೆ. ಅದು ಸುಳ್ಳಲ್ಲ ಎಂದು ತಿಳಿಯಲು ನಾನೇ ಆ ಸೀಟಿನಲ್ಲಿ ಕೂರಬೇಕಾಯಿತು.

ನಮ್ಮ ಅಪಾರ್ಟ್‌ಮೆಂಟಿಗೆ ನೀರು ತರುವ ಇನ್ನೊಬ್ಬ ಡ್ರೈವರನ್ನು ಕೇಳಿಕೊಂಡೆ. ಅವರು ಹತ್ತಿಸಿ ಕೂರಿಸಿದರು. ಕೂರುವುದು ಬಲಗಡೆ, ಆಳೆತ್ತರದಲ್ಲಿ. ಎಡ ಬಾಗಿಲ ಪಕ್ಕ ಸೈಕಲ್ ಹಿಡಿದು ನಿಲ್ಲುವಂತೆ ವಾಚ್‌ಮನ್‌ಗೆ ಹೇಳಿದ್ದೆ. ಕಿಟಕಿಯಲ್ಲಿ ಅವರಿಲ್ಲ, ಕನ್ನಡಿಯಲ್ಲೂ ಇಲ್ಲ. ಕೈ ಎತ್ತಿ ಎಂದು ಕೂಗಿದ ಮೇಲೆ ಬೆರಳ ತುದಿಗಳು ಕಂಡವು. ಕನ್ನಡಿ ತೋರಿಸುತ್ತಿದ್ದದ್ದು ಟ್ಯಾಂಕಿನ ಉದ್ದವನ್ನು, ದೂರದ ಗೇಟನ್ನು. ಬಾಗಿಲಿನ ಬುಡದಲ್ಲಿ ನಿಂತ ಮನುಷ್ಯನನ್ನಲ್ಲ. ಆಮೇಲೆ ನಾನು ಇಳಿದು ದೂರ ನಿಂತೆ, ಡ್ರೈವರ್ ಗಾಡಿಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ತೋರಿಸಿದರು. ಮೂತಿ ಮೊದಲು ಕೊಂಚ ಬಲಕ್ಕೆ ಹೋಯಿತು. ಎಡಗಡೆ ಧಾರಾಳ ಜಾಗ ತೆರೆದುಕೊಂಡಿತು. ಸಿಗ್ನಲ್‌ನಲ್ಲಿ ಇದೇ ಜಾಗವನ್ನು ನಾನು ದಾರಿ ಬಿಟ್ಟರು ಎಂದುಕೊಳ್ಳುತ್ತಿದ್ದೆ. ಗಾಡಿ ತಿರುಗಿದಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಯ ಜಾಡಿನಲ್ಲಿ ಬರಲಿಲ್ಲ. ಒಳಗೊಳಗೇ ಸರಿದು, ಆ ಜಾಗವನ್ನು ಅಂಚಿನವರೆಗೆ ಒರೆಸಿಕೊಂಡು ಬಂದವು. ಗಾಡಿ ಉದ್ದವಾದಷ್ಟೂ ಹೀಗೆ ಒಳಗೆ ಸರಿಯುವುದು ಹೆಚ್ಚು.

"ಮುಂಚೆ ಕ್ಲೀನರ್ ಇರ್ತಿದ್ದ ಸಾರ್. ಎಡಗಡೆ ಅವನೇ ನೋಡ್ಕೊಳ್ತಿದ್ದ, ಬಾಗಿಲು ಬಡಿದು ಹೇಳ್ತಿದ್ದ. ಈಗ ಒಬ್ಬನೇ ಬರ್ತೀನಿ" ಎಂದರು. ಇಷ್ಟು ವರ್ಷ ಆ ಸಂದಿಗಳಲ್ಲಿ ನಾನು ಪಾರಾದದ್ದು ಅದೃಷ್ಟದಿಂದ. ಅದನ್ನೇ ಜಾಣತನವೆಂದು ಹುಡುಗನಿಗೆ ಕಲಿಸಿದ್ದೆ.

ಬೇರೆ ಕಡೆ ಹೀಗೆ ಕಾಣದಿರುವುದನ್ನು ಡ್ರೈವರನ ಹಣೆಬರಹಕ್ಕೂ ಸೈಕಲ್‌ನವರ ಹಣೆಬರಹಕ್ಕೂ ಬಿಟ್ಟಿಲ್ಲ. ನಮ್ಮಂತೆಯೇ ಎಡಗಡೆ ಸಂಚರಿಸುವ ಲಂಡನ್ನಿನಲ್ಲಿ, 12 ಟನ್ನಿಗಿಂತ ಭಾರದ ಲಾರಿಗಳ ಸೀಟಿನಿಂದ ಹೊರಗೆ ನೇರವಾಗಿ ಎಷ್ಟು ಕಾಣುತ್ತದೆ ಎಂದು ಅಳೆದು ನಕ್ಷತ್ರಗಳ ದರ್ಜೆ ಕೊಡುತ್ತಾರೆ. 2021ರ ಮಾರ್ಚ್‌ನಿಂದ ಅಂಥ ಲಾರಿ ಈ ದರ್ಜೆಯ ಮೇಲೆ ಕೊಡುವ ಪರವಾನಗಿ ಇಲ್ಲದೆ ಬಂದರೆ ದಂಡ. 2024ರ ಅಕ್ಟೋಬರ್‌ನಿಂದ 3 ನಕ್ಷತ್ರಕ್ಕಿಂತ ಕಡಿಮೆ ಇರುವ ಲಾರಿಗೆ ಕ್ಯಾಮೆರಾ, ಸೆನ್ಸರ್‌ಗಳು ಕಡ್ಡಾಯ. ಇಲ್ಲಿ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದಾಗ ನನಗೆ ಬಹಳ ಖುಷಿಯಾಗಿತ್ತು. ಆದರೆ ಗಾಡಿಗಳು ತಿರುಗುವ ಜಾಗದಲ್ಲಿ ಕಂಬ ನೆಡಲಾಗುವುದಿಲ್ಲ. ಅಲ್ಲಿ ಸೈಕಲ್‌ನವರು ಡ್ರೈವರಿಗೆ ಕಾಣಲೇಬೇಕು.

ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಉದ್ದದ ಗಾಡಿ ಮುಂದಿದ್ದರೆ ಅದರ ಹಿಂದೆಯೇ ನಿಲ್ಲಿ, ಪಕ್ಕಕ್ಕೆ ಹೋಗಲೇಬೇಡಿ. ಇಂಡಿಕೇಟರ್ ಹಾಕಿಲ್ಲ ಎಂದರೆ ನೇರ ಹೋಗುತ್ತದೆ ಎಂದು ನಂಬಬೇಡಿ. ಹೊಗೆ ಕುಡಿದರೂ ಪರವಾಗಿಲ್ಲ.

ಕಳೆದ ಸಭೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದೆ ಒಂದು ಕೋರಿಕೆ ಇಟ್ಟಿದ್ದೇನೆ: ಎಡ ಬಾಗಿಲಿನ ಬುಡ ತೋರಿಸುವ ಉಬ್ಬುಗನ್ನಡಿ ಮತ್ತು ಜೊತೆಗೊಬ್ಬ ಕ್ಲೀನರ್ ಇಲ್ಲದ ಟ್ಯಾಂಕರನ್ನು ಗೇಟಿನೊಳಗೆ ಬಿಡಬಾರದು. ನೀರಿನ ದರ ಏರುತ್ತದೆ ಎಂದು ಕೆಲವರು ತಕರಾರು ತೆಗೆದರು. ಏರುತ್ತದೆ, ನಿಜ. ಏರಿದ್ದನ್ನು ನಾವೇ ಕೊಡಬೇಕು ಎಂದೆ. ಮುಂದಿನ ಸಭೆಯಲ್ಲಿ ತೀರ್ಮಾನ.