ಕಟ್ಟೋ, ತಂತಿಯೋ?

ಎಲುಬು ಮುರಿಯಬೇಕಾದರೆ ಮನುಷ್ಯನು ಮರದಿಂದಲಾದರೂ ಬೀಳಬೇಕು, ಬಂಡಿಯಿಂದಲಾದರೂ ಉರುಳಬೇಕು ಎಂದೇ ನಾನು ಅರುವತ್ತು ವರ್ಷ ತಿಳಿದುಕೊಂಡಿದ್ದೆನು. ಕಳೆದ ವರ್ಷದ ಮಳೆಗಾಲದ ಆರಂಭದಲ್ಲಿ, ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಹಾಸಿಗೆಯ ಚಾದರದ ಅಂಚನ್ನು ಗಾದಿಯ ಕೆಳಗೆ ತುರುಕುತ್ತಿದ್ದಾಗ ಬಲಗೈಯ ಅನಾಮಿಕೆಯು ಎಲ್ಲಿಯೋ ತಡೆದು ಮಡಿಚಿತು, ಟಕ್ಕೆಂದು ಸಪ್ಪಳವಾಯಿತು. ನೋವು ಅಂಥಾದ್ದೇನೂ ಇರಲಿಲ್ಲ. ಆದರೆ ಬೆರಳ ತುದಿಯು ಪಾಠ ಒಪ್ಪಿಸಲಾರದ ಹುಡುಗನಂತೆ ತಲೆ ತಗ್ಗಿಸಿ ನಿಂತಿತು. ಇನ್ನೊಂದು ಕೈಯಿಂದ ಎತ್ತಿದರೆ ಏಳುವದು, ಬಿಟ್ಟರೆ ಬೀಳುವದು.

ನೆರೆಯವರು ಉಳುಕೆಂದರು, ಒಬ್ಬರು ಎಳೆದು ಕೂಡ್ರಿಸಲಿಕ್ಕೆ ಮುಂದಾದರು. ನನ್ನ ಹೆಂಡತಿಯು ಅದಕ್ಕೆ ಆಸ್ಪದ ಕೊಡದೆ ನನ್ನನ್ನು ದವಾಖಾನೆಗೆ ಹೊರಡಿಸಿದಳು. ಅಲ್ಲಿ ಬೆರಳ ಕ್ಷಕಿರಣ ಚಿತ್ರವನ್ನು ಮಗ್ಗುಲಿನಿಂದ ತೆಗೆದರು. ಬೆರಳನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುರಜ್ಜುವು ಬೆರಳ ಬೆನ್ನಿನ ಮೇಲೆ ಹಾಯ್ದುಬಂದು ತುದಿಯೆಲುಬಿನ ಬುಡಕ್ಕೆ ಅಂಟಿಕೊಂಡಿರುವದು. ತುದಿಯು ಒಮ್ಮೆಲೆ ಮಡಿಚಿದಾಗ ಆ ರಜ್ಜುವೇ ಹರಿಯುವದು, ಇಲ್ಲವೆ ತಾನು ಹಿಡಿದ ಎಲುಬಿನ ಚೂರನ್ನೇ ಕಿತ್ತುಕೊಂಡು ಬರುವದು. ನನ್ನದು ಎರಡನೆಯ ಬಗೆ. ಇಂಗ್ಲಿಷಿನಲ್ಲಿ ಇದಕ್ಕೆ 'ಮ್ಯಾಲೆಟ್ ಫಿಂಗರ್', ಎಂದರೆ ಕೊಡತಿ ಬೆರಳು, ಎಂದು ಹೆಸರಂತೆ. ಹೆಸರಿಲ್ಲದ್ದೆಂದೇ ಅನಾಮಿಕೆಯೆನಿಸಿದ ಬೆರಳಿಗೆ ಇಷ್ಟು ದಿನಗಳ ಮೇಲೆ ನಾಮಕರಣವಾಯಿತು!

ಚೂರು ಸಣ್ಣದು, ಸಂಧಿಯು ಸ್ಥಾನ ಬಿಟ್ಟಿಲ್ಲ. ಆದುದರಿಂದ ಶಸ್ತ್ರಕ್ರಿಯೆ ಬೇಡ, ಎಂದು ಡಾಕ್ಟರರು ತುದಿಗಷ್ಟೇ ಒಂದು ಪ್ಲಾಸ್ಟಿಕ್ಕಿನ ಕವಚವನ್ನು ತೊಡಿಸಿ ಪಟ್ಟಿ ಸುತ್ತಿದರು. ನಡುಗೆಣ್ಣು ಬಿಡುವಾಗಿಯೇ ಇದ್ದಿತು. ಅದನ್ನು ಆಡಿಸುತ್ತಲೇ ಇರಬೇಕೆಂದರು. "ಎಂಟು ವಾರ, ಹಗಲೂ ರಾತ್ರಿಯೂ. ಚರ್ಮ ಒರೆಸಲಿಕ್ಕೆ ಬಿಚ್ಚಿದರೂ ತುದಿಯನ್ನು ಮೇಜಿಗೆ ಒತ್ತಿಕೊಂಡೇ ಇರಬೇಕು. ಒಂದು ಸಲ ಬಿತ್ತೋ, ಲೆಕ್ಕ ಮತ್ತೆ ಮೊದಲಿನಿಂದ."

ಮನೆಗೆ ಬಂದವನೇ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭಗ್ನಚಿಕಿತ್ಸೆಯ ಅಧ್ಯಾಯವನ್ನು ತೆರೆದೆನು. ಮುರಿದ ಬೆರಳನ್ನು ಸಮನಾಗಿ ಇರಿಸಿ ತೆಳುವಾದ ಬಟ್ಟೆಯಿಂದ ಸುತ್ತಿ ತುಪ್ಪವೆರೆಯಬೇಕೆಂದು ಅಲ್ಲಿದೆ. ಅತ್ತಿ, ಅರಳಿ, ಮುತ್ತುಗ, ಬಿದಿರು ಮೊದಲಾದವುಗಳಿಂದ ಕಟ್ಟಿನ ದಬ್ಬೆಗಳನ್ನು ಮಾಡಿಕೊಳ್ಳಬೇಕು. ಕಟ್ಟು ಸಡಿಲವಾದರೆ ಸಂಧಿ ನಿಲ್ಲದು. ಬಿಗಿಯಾದರೆ ಬಾವು ಬಂದು ಚರ್ಮವು ಕೀಯುವದು. ಚಳಿಗಾಲದಲ್ಲಿ ಏಳು ದಿನಕ್ಕೆ, ಬೇಸಿಗೆಯಲ್ಲಿ ಮೂರು ದಿನಕ್ಕೆ ಬಿಚ್ಚಿ ಕಟ್ಟತಕ್ಕದ್ದು. ಎಳೆಯರಿಗೆ ಒಂದು ತಿಂಗಳಲ್ಲಿ, ನಡುವಯಸ್ಸಿನವರಿಗೆ ಎರಡರಲ್ಲಿ, ಮುದುಕರಿಗೆ ಮೂರರಲ್ಲಿ ಸಂಧಿಯು ಗಟ್ಟಿಯಾಗುವದು. ಇದನ್ನೋದಿ ನನಗೆ ಸಂತೋಷವಾಯಿತೆಂಬುದಕ್ಕಿಂತ ಅಹಂಕಾರವಾಯಿತೆಂದರೇ ನಿಜವಾದೀತು.

ಐದನೆಯ ವಾರದಲ್ಲಿ ತೀರ್ಥರೂಪರ ಶ್ರಾದ್ಧ ಬಂದಿತು. ಪಿತೃಕಾರ್ಯಕ್ಕೆ ಕೊಳೆತ ಪಟ್ಟಿಯ ಕೈಯೇ ಎಂದು ನಾನು ಬಚ್ಚಲುಮನೆಯಲ್ಲಿ ಕವಚವನ್ನು ಕಳಚಿಟ್ಟೆನು. ತುದಿಯು ಫಕ್ಕನೆ ಬಿದ್ದಿತು. ದರ್ಭೆಯ ಪವಿತ್ರವು ಬರುವದು ಬೆರಳ ಬುಡಕ್ಕೆ, ಕವಚವಿದ್ದುದು ತುದಿಗೆ. ಅವೆರಡಕ್ಕೂ ಜಗಳವೇ ಇರಲಿಲ್ಲ! ಪುರೋಹಿತರೂ, ಮೊದಲೇ ಕೇಳಿದ್ದರೆ ಹಾಗೆಯೇ ಕೂಡ್ರಿ ಎನ್ನುತ್ತಿದ್ದೆನೆಂದರು. "ತಿಂಗಳ ತಪಸ್ಸು ಬಚ್ಚಲದಾಗ ಹರದು ಹೋತಲ್ರೀ!" ಎಂದಳು ನನ್ನವಳು. ಡಾಕ್ಟರರು ಮಾತಾಡದೆ ಒಂದರಿಂದ ಎಣಿಸತೊಡಗಿದರು.

ಈ ಎರಡನೆಯ ಎಣಿಕೆ ನಡೆದಿರುವಾಗ ಖಾನಾಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಂದನು. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದುದು. ಇವನೂ ಚಕ್ರದ ಮುಂದೆ ಕುಳಿತು ಉಣ್ಣುವವನು. ರವಿವಾರದ ಕ್ರಿಕೆಟ್ಟಿನ ಚೆಂಡು ಬಲಗೈಯ ತೋರುಬೆರಳ ತುದಿಗೆ ಬಡಿದಿದ್ದಿತು. ಬೆಳಗಾವಿಯ ದವಾಖಾನೆಯಲ್ಲಿ ಅವನಿಗೆ ಶಸ್ತ್ರಕ್ರಿಯೆ ಹೇಳಿದ್ದರು. "ಮಾಸ್ತರ, ನಿಮ್ದೂ ಇಂಥಾದ್ದ ಅಲ್ರೀ? ನಿಮಗ ಕಟ್ಟು, ನನಗ್ಯಾಕ ಆಪರೇಶನ್?" ಎಂದು ಕೇಳಿದನು. ಹೊರಗಿನಿಂದ ನೋಡಿದರೆ ಎರಡು ಬೆರಳುಗಳೂ ಒಂದೇ ಅಚ್ಚಿನವು. ನಾನು ಸುಶ್ರುತನ ಹೆಸರು ಹೇಳಿ, ಕೊಯ್ಯಿಸಿಕೊಳ್ಳಬೇಡ ಎಂದೆನು. ಮಾಸ್ತರರ ಮಾತೆಂದು ನಂಬಿ ಅವನು ಊರಿಗೆ ಹೋಗಿ ಬಿದಿರಿನ ದಬ್ಬೆ ಕಟ್ಟಿಕೊಂಡನು.

ಹನ್ನೆರಡು ದಿವಸಗಳ ಮೇಲೆ ನನ್ನ ಬೆರಳನ್ನು ತೋರಿಸಹೋದಾಗ ಇದನ್ನು ಹೆಮ್ಮೆಯಿಂದಲೇ ಹೇಳಿದೆನು. ಅವನ ಚಿತ್ರವು ನನ್ನ ಮೊಬಾಯಿಲಿನಲ್ಲಿದ್ದಿತು. ಡಾಕ್ಟರರು ಅದನ್ನು ನನ್ನ ಚಿತ್ರದ ಮಗ್ಗುಲಿಗೆ ಹಿಡಿದರು. ನನ್ನ ಸಂಧಿಯಿಂದ ಎದ್ದುದು ಒಂದು ಸಿಬಿರು. ಅವನದು ಸಂಧಿಯ ಹೆಚ್ಚುಕಡಿಮೆ ಅರ್ಧ. ಅಷ್ಟೇ ಅಲ್ಲ, ಉಳಿದ ಎಲುಬು ಅಂಗೈಯ ಕಡೆಗೆ ಸರಿದುಬಿಟ್ಟಿದ್ದಿತು. ಹೀಗೆ ಸರಿದುದು ಓರೆಯಾಗಿಯೇ ಕೂಡಿಕೊಂಡರೆ ಸಂಧಿಯು ಮುಂದೆ ಸವೆದು ಬಿರುಸಾಗುವ ಭಯವುಂಟೆಂದರು. ಇನ್ನೂ ತಡವಾದರೆ ಚೂರನ್ನು ಕೂಡ್ರಿಸುವದು ಕಷ್ಟವಾಗುವದೆಂದೂ ಹೇಳಿದರು. ನಾನು ದವಾಖಾನೆಯ ಮೆಟ್ಟಿಲ ಮೇಲೆ ನಿಂತುಕೊಂಡೇ ಖಾನಾಪುರಕ್ಕೆ ಫೋನು ಮಾಡಿದೆನು.

ಕೊಯ್ಯುವದೆಂದು ನಾನು ಹೆದರಿಸಿದ್ದೆನಷ್ಟೆ. ನಿಜವಾಗಿ ಬೆರಳನ್ನು ಸೀಳಲೇ ಇಲ್ಲ. ಜಪಾನದ ಇಶಿಗುರೊ ಎಂಬ ವೈದ್ಯರ ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯಿದು. ಒಂದು ಸಣ್ಣ ಉಕ್ಕಿನ ತಂತಿಯನ್ನು ಚೂರಿನ ಹಿಂದೆ ಅಡ್ಡಗಟ್ಟಿಯಂತೆ ಚುಚ್ಚಿ, ಬೆರಳನ್ನು ನೆಟ್ಟಗೆ ಮಾಡಿ, ಇನ್ನೊಂದನ್ನು ಸಂಧಿಯ ಮೂಲಕ ಹಾಯಿಸುವರು. ಆದರೆ ತಂತಿಗೂ ತನ್ನ ತಾಪತ್ರಯಗಳಿವೆ: ಚುಚ್ಚಿದಲ್ಲಿ ಕೀವಾಗಬಹುದು, ಉಗುರು ಕೆಡಬಹುದು, ತಂತಿಯೇ ಸಡಿಲಬಹುದು. 1984ರಲ್ಲಿ ವೆಹ್ಬೆ ಮತ್ತು ಶ್ನೈಡರ್ ಎಂಬಿಬ್ಬರು ವೈದ್ಯರು, ಚೂರು ದೊಡ್ಡದಿರಲಿ ಸಂಧಿ ಸರಿದಿರಲಿ, ಹೆಚ್ಚಿನ ಪಾಲಿಗೆ ಕಟ್ಟೇ ಲೇಸೆಂದು ಬರೆದಿದ್ದಾರೆ. ಸಂಧಿ ಸರಿದಲ್ಲಿ ತಂತಿಯೇ ಬೇಕೆಂಬ ಶಸ್ತ್ರವೈದ್ಯರು ಇಂದು ಬಹಳ. ಅಂದಮೇಲೆ ನನ್ನ ಮಾತೂ ಶುದ್ಧ ತಪ್ಪಲ್ಲವೆಂದು ವಾದಿಸಬಹುದಾಗಿತ್ತು. ಆದರೆ ಅವರು ಚಿತ್ರ ನೋಡಿ ಹೇಳಿದವರು. ನಾನು ಪೋಥಿ ನೋಡಿ ಹೇಳಿದೆನು.

ಈಗ ಇಬ್ಬರ ಬೆರಳುಗಳೂ ಬಹುಮಟ್ಟಿಗೆ ನೆಟ್ಟಗಿವೆ. ನನ್ನ ತುದಿಯು ತುಸು ಬಾಗಿಯೇ ಉಳಿದಿದೆ, ಗೆಣ್ಣಿನ ಮೇಲೊಂದು ಗಂಟಿದೆ. ಅವನ ಉಗುರಿನ ಮೇಲೊಂದು ಗೆರೆ ಎದ್ದಿದೆ, ತುದಿಯು ಪೂರ್ತಿಯಾಗಿ ಮಡಿಚುವದಿಲ್ಲ. ತಂತಿ ಇದ್ದ ಆರು ವಾರ ಅವನು ಹಸಿಮಣ್ಣನ್ನು ಮುಟ್ಟುವಂತಿರಲಿಲ್ಲ. ಮೊದಲೇ ಹಾಕಿಸಿಕೊಂಡಿದ್ದರೆ ದೀಪಾವಳಿಯ ಹಣತೆಯ ಕೆಲಸಕ್ಕೆ ಕೊನೆಯ ಏಳೆಂಟು ದಿವಸಗಳಾದರೂ ದೊರೆಯುತ್ತಿದ್ದವು. ತಂತಿ ತೆಗೆದಾಗ ಹಬ್ಬ ದಾಟಿದ್ದಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ವರ್ಷವರ್ಷವೂ ಒಂದು ಬುಟ್ಟಿ ಹಣತೆಗಳನ್ನು ನಮ್ಮ ಮನೆಗೆ ತಂದುಕೊಡುವವನು. ಆ ಸಲ ನಾವು ಪೇಟೆಯಿಂದ ಕೊಂಡು ತಂದೆವು.